ದೂರ ಒಂದೇ ಇರುವಾಗ ಹೋಗುವ ಹೊತ್ತು, ಬರುವ ಹೊತ್ತು ಬೇರೆ ಏಕೆ?

ಪ್ರಶ್ನೆ: ಬರುವ ಜನವರಿಯಲ್ಲಿ ಟೋಕಿಯೊದಿಂದ ಲಾಸ್ ಏಂಜಲೀಸ್‌ಗೆ ಹೋಗಿ ಬರಬೇಕಿದೆ. ಎರಡು ನಗರಗಳ ನಡುವಿನ ದೂರ ಎಷ್ಟೆಂದು ಹುಡುಕಿದರೆ ಒಂದು ಕಡೆ 8,800, ಇನ್ನೊಂದು ಕಡೆ 5,470, ಮತ್ತೊಂದು ಕಡೆ 4,750 ಎಂದಿದೆ. 8,800 ಕಿಲೋಮೀಟರನ್ನು ವಿಮಾನದ ವೇಗ 900ರಿಂದ ಭಾಗಿಸಿದರೆ ಒಂಬತ್ತು ಮುಕ್ಕಾಲು ಗಂಟೆ ಬರುತ್ತದೆ. ಟಿಕೆಟ್‌ನಲ್ಲಿ ನೋಡಿದರೆ ಹೋಗಲು ಹತ್ತು ಗಂಟೆ, ಬರಲು ಹನ್ನೆರಡು ಗಂಟೆ. ಭೂಮಿ ತಿರುಗುತ್ತಿರುವುದರಿಂದ ಹೀಗಾಗುತ್ತದೆಯೇ? ಸಾಲದ್ದಕ್ಕೆ, ಸಂಜೆ ಐದಕ್ಕೆ ಹೊರಡುವ ವಿಮಾನ ಅದೇ ದಿನ ಬೆಳಗ್ಗೆ ಹತ್ತಕ್ಕೆ ತಲುಪುತ್ತದೆ ಎಂದು ಬರೆದಿದ್ದಾರೆ. ಇದು ಅಚ್ಚಿನ ತಪ್ಪೇ?

ಉತ್ತರ: ಅಚ್ಚಿನ ತಪ್ಪಲ್ಲ. ಭೂಮಿಯ ತಿರುಗುವಿಕೆಯೂ ನೀವು ಅಂದುಕೊಂಡ ರೀತಿಯಲ್ಲಿ ಕಾರಣವಲ್ಲ. ನೀವು ಕಂಡ ಮೂರು ಅಂಕಿಗಳೂ ಸರಿ, ನಿಮ್ಮ ಭಾಗಾಕಾರವೂ ಸರಿ. ಆದರೆ ಭಾಗಿಸಬೇಕಾಗಿದ್ದ ದೂರ ಅದಲ್ಲ. ಇಪ್ಪತ್ತು ವರ್ಷ ಫ್ಲೈಟ್ ಡಿಸ್ಪ್ಯಾಚರ್ ಆಗಿ, ಅಂದರೆ ವಿಮಾನ ಯಾವ ದಾರಿಯಲ್ಲಿ, ಯಾವ ಎತ್ತರದಲ್ಲಿ, ಎಷ್ಟು ಇಂಧನದೊಂದಿಗೆ ಹೋಗಬೇಕೆಂದು ನೆಲದ ಮೇಲೆ ಕುಳಿತು ಲೆಕ್ಕ ಹಾಕುವ ಕೆಲಸದಲ್ಲಿ ಕಳೆದವನಾದ್ದರಿಂದ, ಈ ಪ್ರಶ್ನೆ ನನಗೆ ತುಂಬ ಹತ್ತಿರದ್ದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಮೂರು ಅಂಕಿಗಳ ವಿಚಾರ ಮುಗಿಸಿಬಿಡೋಣ. 8,800 ಕಿಲೋಮೀಟರ್, 5,470 ಮೈಲಿ, 4,750 ನಾಟಿಕಲ್ ಮೈಲಿ, ಮೂರೂ ಒಂದೇ ದೂರ. ನಾಟಿಕಲ್ ಮೈಲಿ ಎಂದರೆ 1,852 ಮೀಟರ್; ಹಡಗಿನವರಿಂದ ವಿಮಾನದವರಿಗೆ ಬಂದ ಅಳತೆ. ಭೂಮಿಯ ಮೇಲ್ಮೈಯಲ್ಲಿ ಒಂದು ಡಿಗ್ರಿ ಸಾಗಿದರೆ 60 ನಾಟಿಕಲ್ ಮೈಲಿ, ಸುಮಾರು 111 ಕಿಲೋಮೀಟರ್. ಮಾನಗಳನ್ನು ಹೊಂದಿಸಿದ ಮೇಲೂ ಹತ್ತಿಪ್ಪತ್ತು ಕಿಲೋಮೀಟರ್ ವ್ಯತ್ಯಾಸ ಉಳಿದರೆ ತಲೆಕೆಡಿಸಿಕೊಳ್ಳಬೇಡಿ. ಕೆಲವು ಲೆಕ್ಕಗಳು ಭೂಮಿಯನ್ನು 6,371 ಕಿಲೋಮೀಟರ್ ತ್ರಿಜ್ಯದ ಗುಂಡನೆಯ ಚೆಂಡು ಎಂದು ಹಿಡಿಯುತ್ತವೆ. ಕೆಲವು ಧ್ರುವಗಳ ಬಳಿ ಅದು ತುಸು ಚಪ್ಪಟೆ ಎಂಬುದನ್ನೂ ಸೇರಿಸಿಕೊಳ್ಳುತ್ತವೆ. ಕೆಲವು ಊರಿನ ನಡುಮಧ್ಯದಿಂದ ಅಳೆಯುತ್ತವೆ, ಕೆಲವು ವಿಮಾನ ನಿಲ್ದಾಣದಿಂದ. ಟೋಕಿಯೊಗೆ ಹನೆಡ, ನರಿಟ ಎಂಬ ಎರಡು ದೊಡ್ಡ ನಿಲ್ದಾಣಗಳಿವೆ. ನರಿಟ ನಗರದ ಮಧ್ಯದಿಂದ ಸುಮಾರು 60 ಕಿಲೋಮೀಟರ್ ಪೂರ್ವಕ್ಕಿದೆ. ಅಲ್ಲಿಂದ ಹೊರಟರೆ ಅಷ್ಟು ದಾರಿ ಮೊದಲೇ ಸವೆದಿರುತ್ತದೆ.

ಈಗ ದೂರ ಎಂದರೇನು ಎಂಬುದಕ್ಕೆ ಬರೋಣ. ಗೋಡೆಯ ಮೇಲಿನ ನಕ್ಷೆಯಲ್ಲಿ ಟೋಕಿಯೊ, ಲಾಸ್ ಏಂಜಲೀಸ್ ಎರಡೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿವೆ; ಒಂದು 35 ಡಿಗ್ರಿ ಉತ್ತರದ ಆಚೀಚೆ, ಇನ್ನೊಂದು 34ರಲ್ಲಿ. ಅಡಿಕೋಲು ಇಟ್ಟು ಗೆರೆ ಎಳೆದರೆ ಪೆಸಿಫಿಕ್ ಸಾಗರದ ನಡುವೆ ಅಡ್ಡಕ್ಕೆ ಹೋಗುತ್ತದೆ. ಆ ಗೆರೆಯ ಮೇಲೆ ಹೋದರೆ ಸುಮಾರು 9,300 ಕಿಲೋಮೀಟರ್. ನೀವು ಕಂಡ 8,800 ಆ ಗೆರೆಯದ್ದಲ್ಲ.

ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಹೆಬ್ಬೆರಳಿನಿಂದ ಟೋಕಿಯೊ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಲಾಸ್ ಏಂಜಲೀಸ್ ಮೇಲೆ ಇಟ್ಟು, ಮೊದಲು ದಾರವನ್ನು ಸಡಿಲವಾಗಿ ಅಡ್ಡಕ್ಕೆ ಮಲಗಿಸಿ. ಆಮೇಲೆ ಮೆಲ್ಲಗೆ ಬಿಗಿ ಮಾಡುತ್ತ ಬನ್ನಿ. ದಾರ ನಿಮ್ಮ ಮಾತು ಕೇಳುವುದಿಲ್ಲ. ಬೆರಳಿನ ಕೆಳಗಿಂದ ಉತ್ತರಕ್ಕೆ ಜಾರಿ, ಅಲ್ಯೂಷಿಯನ್ ದ್ವೀಪಗಳ ಕೆಳಗೆ, ಸುಮಾರು 48 ಡಿಗ್ರಿ ಉತ್ತರದವರೆಗೆ ಏರಿ ಮತ್ತೆ ಇಳಿಯುತ್ತದೆ. ಪೂರ್ತಿ ಬಿಗಿಯಾದಾಗ ಅದು ನಿಂತ ದಾರಿಯೇ ಅತಿ ಚಿಕ್ಕ ದಾರಿ. ಬೆರಳುಗಳ ನಡುವೆ ಉಳಿದ ದಾರದ ತುಂಡು, ಅಡ್ಡಕ್ಕೆ ಮಲಗಿದ್ದಾಗ ಬೇಕಾಗಿದ್ದುದಕ್ಕಿಂತ ಚಿಕ್ಕದಾಗಿರುತ್ತದೆ. ಇದನ್ನು ಮಹಾವೃತ್ತ ಎನ್ನುತ್ತಾರೆ: ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತದ ಒಂದು ಭಾಗ. ಚಪ್ಪಟೆ ನಕ್ಷೆಯಲ್ಲಿ ಈ ದಾರಿ ಬಿಲ್ಲಿನಂತೆ ಬಾಗಿ ಕಾಣುವುದು ದಾರಿಯ ದೋಷವಲ್ಲ, ದುಂಡನೆಯ ಭೂಮಿಯನ್ನು ಕಾಗದಕ್ಕೆ ಬಡಿದು ಹರಡಿದ್ದರ ಫಲ. ನಾವು ಶಾಲೆಯಲ್ಲಿ ನೋಡಿ ಬೆಳೆದ ನಕ್ಷೆಗಳಲ್ಲಿ ಹಲವು 1569ರಲ್ಲಿ ಮರ್ಕೇಟರ್ ರೂಪಿಸಿದ ವಿಧಾನದವು. ಹಡಗಿನವರಿಗೆ ದಿಕ್ಸೂಚಿಯ ಒಂದೇ ಕೋನ ಹಿಡಿದು ಸಾಗಲು ಅನುಕೂಲವಾಗಲೆಂದು ಮಾಡಿದ್ದೇ ಹೊರತು ದೂರ ಅಳೆಯಲೆಂದು ಅಲ್ಲ.

ಹಾಗಾದರೆ 8,800 ಎಂಬುದು ನೆಲದ ಮೇಲಿನ ಅತಿ ಚಿಕ್ಕ ದಾರಿ. ವಿಮಾನ ಹಾರುವುದು ನೆಲದಿಂದ ಹತ್ತು ಹನ್ನೊಂದು ಕಿಲೋಮೀಟರ್ ಮೇಲೆ. ವೃತ್ತ ಅಷ್ಟು ದೊಡ್ಡದಾಗುವುದರಿಂದ ದೂರ ಬೆಳೆಯುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಬೆಳೆಯುತ್ತದೆ, ಇಡೀ ಪ್ರಯಾಣಕ್ಕೆ ಸುಮಾರು 15 ಕಿಲೋಮೀಟರ್. ಒಂದು ನಿಮಿಷದ ಹಾರಾಟ. ಎರಡು ಗಂಟೆಯ ವ್ಯತ್ಯಾಸಕ್ಕೆ ಕಾರಣ ಬೇರೆಡೆ ಇದೆ.

ಆ ಕಾರಣ ಗಾಳಿ. ವಿಮಾನ ನೆಲದ ಮೇಲೆ ಓಡುವ ವಾಹನವಲ್ಲ, ಗಾಳಿಯೊಳಗೆ ಈಜುವ ವಾಹನ. ಗಂಟೆಗೆ 900 ಕಿಲೋಮೀಟರ್ ಎಂದು ನಾವು ಹೇಳುವುದು ಸುತ್ತಲಿನ ಗಾಳಿಯನ್ನು ಸೀಳಿಕೊಂಡು ಹೋಗುವ ವೇಗ. ಆ ಗಾಳಿ ತಾನೇ ಗಂಟೆಗೆ ನೂರೋ ಇನ್ನೂರೋ ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಹರಿಯುತ್ತಿದ್ದರೆ, ಪೂರ್ವಕ್ಕೆ ಹೋಗುವ ವಿಮಾನವನ್ನು ಅಷ್ಟು ಮುಂದಕ್ಕೆ ಒಯ್ಯುತ್ತದೆ, ಪಶ್ಚಿಮಕ್ಕೆ ಹೋಗುವುದನ್ನು ಅಷ್ಟು ಹಿಂದಕ್ಕೆ ಸೆಳೆಯುತ್ತದೆ. ವಿಮಾನದೊಳಗೆ ಕುಳಿತವರಿಗೆ ಇದರ ಅರಿವೇ ಇರುವುದಿಲ್ಲ. ಎಂಜಿನ್ ಸದ್ದು ಅದೇ, ರೆಕ್ಕೆಯ ಮೇಲೆ ಹರಿಯುವ ಗಾಳಿ ಅದೇ. ಎದುರಿನ ಪರದೆಯಲ್ಲಿ ನೆಲದ ವೇಗ ಮಾತ್ರ ಒಮ್ಮೆ 1,050, ಒಮ್ಮೆ 780 ಎಂದು ತೋರಿಸುತ್ತದೆ.

ಇದು ಕಚೇರಿಯಲ್ಲಿ ನಮಗೆ ಹೇಗೆ ಕಾಣುತ್ತದೆ ಎಂದು ತೋರಿಸುತ್ತೇನೆ. ಪ್ರತಿ ಹಾರಾಟಕ್ಕೂ ಒಂದು ಯೋಜನೆಯ ಹಾಳೆ ಸಿದ್ಧವಾಗುತ್ತದೆ. ಅದರ ಮೇಲ್ಭಾಗದಲ್ಲಿ ಸರಾಸರಿ ಗಾಳಿಯ ಒಂದು ಸಣ್ಣ ನಮೂದು ಇರುತ್ತದೆ: ‘ಪಿ 058’ ಅಥವಾ ‘ಎಂ 040’ ಎಂಬಂತೆ. ಪಿ ಎಂದರೆ ಪ್ಲಸ್, ಗಾಳಿ ಬೆನ್ನಿಗಿದೆ. ಎಂ ಎಂದರೆ ಮೈನಸ್, ಎದುರಿಗಿದೆ. ಅಂಕಿ ನಾಟ್‌ಗಳಲ್ಲಿ, ಅಂದರೆ ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಎಂಬ ಲೆಕ್ಕದಲ್ಲಿ. ಅದರ ಆಸುಪಾಸಿನಲ್ಲೇ ಎರಡು ದೂರಗಳು: ನೆಲದ ದೂರ, ಗಾಳಿಯ ದೂರ. ನಿಮ್ಮ ಪ್ರಯಾಣಕ್ಕೆ ಹೊಂದುವಂತೆ ಲೆಕ್ಕ ಹಾಕಿ ನೋಡೋಣ. ಟೋಕಿಯೊದಿಂದ ಹೊರಟ ವಿಮಾನ ನೆಲದ ಮೇಲೆ 4,790 ನಾಟಿಕಲ್ ಮೈಲಿ ಸಾಗುತ್ತದೆ, ಗಾಳಿ ಪಿ 058 ಎಂದಿಟ್ಟುಕೊಳ್ಳಿ. ವಿಮಾನದ ಸ್ವಂತ ವೇಗ 486 ನಾಟ್, ಅಂದರೆ ನಿಮ್ಮ 900 ಕಿಲೋಮೀಟರ್. ಗಾಳಿ ಸೇರಿ ನೆಲದ ವೇಗ 544. ಎಂಟು ಗಂಟೆ 48 ನಿಮಿಷದಲ್ಲಿ ದಾರಿ ಮುಗಿಯುತ್ತದೆ. ಅಷ್ಟು ಹೊತ್ತಿನಲ್ಲಿ ವಿಮಾನ ಗಾಳಿಯೊಳಗೆ ನಿಜಕ್ಕೂ ಸಾಗಿದ್ದು 4,280 ಮೈಲಿ ಮಾತ್ರ. ಉಳಿದ ಐನೂರು ಮೈಲಿಯನ್ನು ಗಾಳಿ ಹೊತ್ತುಕೊಂಡು ಹೋಯಿತು. ಮರಳುವಾಗ ಸ್ವಲ್ಪ ಸುತ್ತಿ, 5,000 ಮೈಲಿ ದಾರಿಯಲ್ಲಿ, ಎಂ 040 ಗಾಳಿಯಲ್ಲಿ ಬಂದರೆ ನೆಲದ ವೇಗ 446, ಸಮಯ ಹನ್ನೊಂದು ಗಂಟೆ 13 ನಿಮಿಷ, ಗಾಳಿಯೊಳಗೆ ಸಾಗಿದ ದೂರ ಸುಮಾರು 5,450 ಮೈಲಿ.

ಕಿಲೋಮೀಟರ್‌ಗೆ ತಿರುಗಿಸಿದರೆ ಹೋಗುವಾಗ 7,930, ಬರುವಾಗ ಸುಮಾರು 10,090. ನನ್ನ ಮಟ್ಟಿಗೆ ಟೋಕಿಯೊ, ಲಾಸ್ ಏಂಜಲೀಸ್ ನಡುವೆ ಇರುವುದು ಒಂದು ದೂರವಲ್ಲ, ಎರಡು. ಅವೆರಡೂ ನಿನ್ನೆಯಂತೆ ಇಂದು ಇರುವುದಿಲ್ಲ. ಇಂಧನ ತುಂಬುವುದೂ, ಸಿಬ್ಬಂದಿಯ ಕೆಲಸದ ಅವಧಿ ಲೆಕ್ಕ ಹಾಕುವುದೂ, ಸರಕು ಎಷ್ಟು ಹೇರಬಹುದೆಂದು ನಿರ್ಧರಿಸುವುದೂ ಈ ಗಾಳಿಯ ದೂರದ ಮೇಲೆಯೇ.

ಹೋಗುವಾಗ ಉಳಿದದ್ದು ಬರುವಾಗ ಹೋಯಿತು, ಒಟ್ಟಿನಲ್ಲಿ ಸರಿಸಮ ಎಂದು ನಿಮಗೆ ಅನ್ನಿಸಬಹುದು. ಸರಿಸಮವಲ್ಲ. ಗಾಳಿಯೇ ಇಲ್ಲದಿದ್ದರೆ 8,800 ಕಿಲೋಮೀಟರಿಗೆ ಎರಡೂ ಕಡೆ ಸೇರಿ ಹತ್ತೊಂಬತ್ತೂವರೆ ಗಂಟೆ, ಮೇಲೆ ಮೂರು ನಿಮಿಷ. ಗಂಟೆಗೆ 100 ಕಿಲೋಮೀಟರ್ ಗಾಳಿ ಇದ್ದರೆ ಹೋಗಲು 8.8 ಗಂಟೆ, ಬರಲು 11 ಗಂಟೆ, ಒಟ್ಟು 19.8 ಗಂಟೆ. ಕಾಲು ಗಂಟೆ ನಷ್ಟ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಬೆನ್ನ ಗಾಳಿಯಲ್ಲಿ ಕಡಿಮೆ ಹೊತ್ತು. ಹಾಗಾಗಿ ಎದುರುಗಾಳಿ ಕಿತ್ತುಕೊಳ್ಳುವಷ್ಟನ್ನು ಬೆನ್ನ ಗಾಳಿ ಎಂದೂ ಹಿಂದಿರುಗಿಸುವುದಿಲ್ಲ. ಅದಕ್ಕೇ ನಾವು ಎರಡು ದಿಕ್ಕಿಗೂ ಒಂದೇ ದಾರಿ ಬಳಸುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ಜೋರಾದ ಗಾಳಿ ಎಲ್ಲಿಂದ ಬಂತು? ಸಮಭಾಜಕದ ಕಡೆಯ ಗಾಳಿ ಬಿಸಿ, ಧ್ರುವದ ಕಡೆಯದು ತಂಪು. ಈ ಎರಡರ ನಡುವಿನ ಗಡಿಯಲ್ಲಿ, ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಕಿರಿದಾದ ಹೊಳೆಯಂತೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುತ್ತದೆ. ಇದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಬಿಸಿ-ತಂಪಿನ ಅಂತರ ಹೆಚ್ಚಾದಂತೆ ಅದು ಬಿರುಸಾಗುತ್ತದೆ. ಜಗತ್ತಿನಲ್ಲೇ ಅದು ಅತಿ ಬಿರುಸಾಗಿರುವ ಜಾಗಗಳಲ್ಲಿ ಜಪಾನಿನ ಆಕಾಶವೂ ಒಂದು. ಜನವರಿಯಲ್ಲಿ ಅಲ್ಲಿ ಗಂಟೆಗೆ 300 ಕಿಲೋಮೀಟರ್ ದಾಟುವುದು ಅಪರೂಪವಲ್ಲ. ನೀವು ಆರಿಸಿಕೊಂಡ ತಿಂಗಳು, ಆರಿಸಿಕೊಂಡ ದಾರಿ ಎರಡೂ ಈ ಹೊಳೆಯ ನಡುನೀರಿನಲ್ಲಿವೆ. ಜುಲೈಯಲ್ಲಿ ಹೋಗಿದ್ದರೆ ಎರಡು ಟಿಕೆಟ್‌ಗಳ ನಡುವಿನ ಅಂತರ ಇಷ್ಟು ಕಣ್ಣಿಗೆ ಹೊಡೆಯುತ್ತಿರಲಿಲ್ಲ, ಏಕೆಂದರೆ ಬೇಸಿಗೆಯಲ್ಲಿ ಈ ಪ್ರವಾಹ ಸೊರಗಿ ಉತ್ತರಕ್ಕೆ ಸರಿಯುತ್ತದೆ.

ಇದರ ಇತಿಹಾಸವೂ ನಿಮ್ಮ ಪ್ರಯಾಣದ ಊರಿನ ಪಕ್ಕದಲ್ಲೇ ಶುರುವಾಗುತ್ತದೆ. 1920ರ ದಶಕದಲ್ಲಿ ಟೋಕಿಯೊ ಸಮೀಪದ ತಾತೆನೊ ವೀಕ್ಷಣಾಲಯದಲ್ಲಿ ಓಯಿಶಿ ವಸಾಬುರೊ ಎಂಬ ಹವಾಮಾನ ವಿಜ್ಞಾನಿ ಬಲೂನುಗಳನ್ನು ಹಾರಿಬಿಟ್ಟು, ದುರ್ಬೀನಿನಲ್ಲಿ ಅವುಗಳ ಹಾದಿ ಹಿಡಿದು, ಮೇಲಿನ ಗಾಳಿ ನಂಬಲಾಗದಷ್ಟು ವೇಗದ್ದೆಂದು ಕಂಡುಕೊಂಡರು. 1926ರಲ್ಲಿ ಅದನ್ನು ಪ್ರಕಟಿಸಿದರು. ಜಗತ್ತೆಲ್ಲ ಓದಲಿ ಎಂಬ ಆಸೆಯಿಂದ, ಎಲ್ಲ ದೇಶದವರಿಗೂ ಒಂದೇ ಭಾಷೆ ಇರಲೆಂದು ರೂಪಿಸಿದ್ದ ಎಸ್ಪೆರಾಂಟೊದಲ್ಲಿ ಬರೆದರು. ಆ ಭಾಷೆ ಬಲ್ಲವರು ಕೆಲವರೇ ಆದ್ದರಿಂದ ಹೊರಗಿನವರು ಗಮನಿಸಲಿಲ್ಲ. 1944ರಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಿ-29 ಬಾಂಬರುಗಳ ಚಾಲಕರು ಆ ಗಾಳಿಗೆ ಸಿಕ್ಕಿ ಬೆರಗಾದಾಗಲೇ ಹಲವರಿಗೆ ಅದರ ಬಲ ಅರಿವಾದದ್ದು. ಓಯಿಶಿಯವರ ಶ್ರಮವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಂದು ಪೆಸಿಫಿಕ್ ದಾಟುವ ಪ್ರತಿ ವಿಮಾನದ ಯೋಜನೆಯ ಹಾಳೆಯೂ ಅವರು ಅಳೆದ ಗಾಳಿಯನ್ನೇ ನಂಬಿ ಹೊರಡುತ್ತದೆ.

ಪ್ರಯಾಣಿಕರ ವಿಮಾನವೊಂದು ಈ ಗಾಳಿಯನ್ನು ಬೇಕೆಂದೇ ಬಳಸಿಕೊಂಡದ್ದು 1952ರ ನವೆಂಬರ್ 18ರಂದು. ಪ್ಯಾನ್ ಆಮ್ ಸಂಸ್ಥೆಯ ವಿಮಾನ ಟೋಕಿಯೊದಿಂದ ಹೊನಲುಲುಗೆ ಸುಮಾರು 7,600 ಮೀಟರ್ ಎತ್ತರದಲ್ಲಿ ಹಾರಿ, 18 ಗಂಟೆಯ ಪ್ರಯಾಣವನ್ನು ಹನ್ನೊಂದೂವರೆ ಗಂಟೆಗೆ ಇಳಿಸಿತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಅಕ್ಷರಶಃ ಪಾಲಿಸಿದ ಹಾಗೆ. ಹೆಚ್ಚು ಹತ್ತಿರದ ಉದಾಹರಣೆ ಬೇಕೆಂದರೆ 2020ರ ಫೆಬ್ರುವರಿಯದು. ಸಿಯಾರಾ ಚಂಡಮಾರುತದ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ಆ ದೂರ ಸುಮಾರು 5,540 ಕಿಲೋಮೀಟರ್. ಸಾಮಾನ್ಯವಾಗಿ ಆರೂವರೆ ಗಂಟೆ ಹಿಡಿಯುತ್ತದೆ. ಒಂದು ಹಂತದಲ್ಲಿ ನೆಲದ ವೇಗ ಗಂಟೆಗೆ 1,300 ಕಿಲೋಮೀಟರ್ ಮೀರಿತ್ತು. ಹಾಗೆಂದು ಅದು ಶಬ್ದದ ವೇಗ ಮೀರಲಿಲ್ಲ, ಏಕೆಂದರೆ ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಇತ್ತು. ಅದೇ ದಾರಿಯಲ್ಲಿ 1996ರ ಫೆಬ್ರುವರಿ 7ರಂದು ಕಾಂಕಾರ್ಡ್ 2 ಗಂಟೆ 53 ನಿಮಿಷದೊಳಗೆ ಹೋಗಿದ್ದು ಮಾತ್ರ ನಿಜವಾಗಿಯೂ ಶಬ್ದವನ್ನು ಹಿಂದಿಕ್ಕಿ.

ಭೂಮಿಯ ತಿರುಗುವಿಕೆಯ ಬಗ್ಗೆ ಕೇಳಿದ್ದೀರಿ. ಇದು ಬಹಳ ಜನರ ಸಂಶಯ, ಸಹಜವಾದದ್ದೇ. ಭೂಮಿ ಪೂರ್ವಕ್ಕೆ ತಿರುಗುತ್ತಿದ್ದರೆ ಲಾಸ್ ಏಂಜಲೀಸ್ ವಿಮಾನದಿಂದ ದೂರ ಓಡುತ್ತಿರಬೇಕಲ್ಲ, ಆಗ ಹೋಗುವುದೇ ತಡವಾಗಬೇಕಿತ್ತಲ್ಲ! ಹಾಗಾಗದಿರುವುದಕ್ಕೆ ಕಾರಣ ಸರಳ. ಟೋಕಿಯೊದ ರನ್‌ವೇಯಲ್ಲಿ ನಿಂತ ವಿಮಾನ, ಅದರ ಸುತ್ತಲಿನ ಗಾಳಿ, ಅದರೊಳಗೆ ಕುಳಿತ ನೀವು, ಎಲ್ಲರೂ ಆಗಲೇ ಭೂಮಿಯ ಜೊತೆ ಗಂಟೆಗೆ ಸುಮಾರು 1,360 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದ್ದೀರಿ. ಮೇಲೇರಿದ ಕೂಡಲೇ ಆ ವೇಗ ಕಳಚಿ ಬೀಳುವುದಿಲ್ಲ. ಓಡುತ್ತಿರುವ ರೈಲಿನಲ್ಲಿ ಚೆಂಡು ಮೇಲೆ ಎಸೆದರೆ ಅದು ನಿಮ್ಮ ಕೈಗೇ ಬಂದು ಬೀಳುತ್ತದೆಯೇ ಹೊರತು ಹಿಂದಿನ ಬೋಗಿಗೆ ಹೋಗುವುದಿಲ್ಲ. ಆದರೂ ತಿರುಗುವಿಕೆಗೆ ಇದರಲ್ಲಿ ಪಾತ್ರವೇ ಇಲ್ಲ ಎಂದರೆ ತಪ್ಪಾದೀತು. ಬಿಸಿ ಕಡೆಯಿಂದ ಧ್ರುವದ ಕಡೆಗೆ ಹೊರಟ ಗಾಳಿಯನ್ನು ಪೂರ್ವಕ್ಕೆ ತಿರುಗಿಸಿ ಜೆಟ್ ಸ್ಟ್ರೀಮ್ ಆಗಿಸುವುದು ಭೂಮಿಯ ತಿರುಗುವಿಕೆಯೇ. ಅಂದರೆ ಅದು ವಿಮಾನವನ್ನು ನೇರವಾಗಿ ಮುಟ್ಟುವುದಿಲ್ಲ, ಗಾಳಿಯ ಮೂಲಕ ಮುಟ್ಟುತ್ತದೆ.

ಈಗ ಎರಡು ದಿಕ್ಕಿಗೆ ಎರಡು ದಾರಿ ಎಂದೆನಲ್ಲ, ಅದಕ್ಕೆ ಬರೋಣ. ನನ್ನ ಕೆಲಸದ ಸೊಗಸೆಲ್ಲ ಇರುವುದು ಇಲ್ಲಿ. ಲಾಸ್ ಏಂಜಲೀಸ್‌ನಿಂದ ಟೋಕಿಯೊಗೆ ಅತಿ ಚಿಕ್ಕ ದಾರಿ 8,810 ಕಿಲೋಮೀಟರ್. ಆ ದಾರಿಯಲ್ಲಿ ಇಂದು ಸರಾಸರಿ 150 ಕಿಲೋಮೀಟರ್ ಎದುರುಗಾಳಿ ಇದೆ ಎಂದುಕೊಳ್ಳಿ. ನೆಲದ ವೇಗ 750, ಸಮಯ ಹನ್ನೊಂದು ಮುಕ್ಕಾಲು ಗಂಟೆ. ಇನ್ನೊಂದು ದಾರಿ ಉತ್ತರಕ್ಕೆ ಸರಿದು ಅಲಾಸ್ಕಾದ ಕಡೆಗೆ ಬಾಗಿ ಹೋಗುತ್ತದೆ. 9,250 ಕಿಲೋಮೀಟರ್, 440 ಕಿಲೋಮೀಟರ್ ಸುತ್ತು. ಆದರೆ ಅಲ್ಲಿ ಎದುರುಗಾಳಿ 70 ಮಾತ್ರ. ನೆಲದ ವೇಗ 830, ಸಮಯ ಹನ್ನೊಂದು ಗಂಟೆ 9 ನಿಮಿಷ. ಸುತ್ತು ದಾರಿ ಹಿಡಿದವನು ನೇರ ದಾರಿ ಹಿಡಿದವನಿಗಿಂತ 36 ನಿಮಿಷ ಮೊದಲೇ ಇಳಿಯುತ್ತಾನೆ, ಇಂಧನವನ್ನೂ ಉಳಿಸುತ್ತಾನೆ. ಪೂರ್ವಕ್ಕೆ ಹೋಗುವಾಗ ಇದಕ್ಕೆ ತದ್ವಿರುದ್ಧ: ಮಹಾವೃತ್ತವನ್ನು ಬಿಟ್ಟು ದಕ್ಷಿಣಕ್ಕೆ ಸರಿದು, ಗಾಳಿಯ ಹೊಳೆ ಎಲ್ಲಿ ಬಿರುಸೋ ಅಲ್ಲೇ ವಿಮಾನವನ್ನು ಬಿಡುತ್ತೇವೆ. ಮೊದಮೊದಲು ಕೆಲಸಕ್ಕೆ ಸೇರಿದಾಗ ದೂರ ಹೆಚ್ಚಿರುವ ದಾರಿಯನ್ನು ನಕ್ಷೆಯಲ್ಲಿ ಗುರುತಿಸಲು ನನ್ನ ಕೈ ಹಿಂಜರಿಯುತ್ತಿತ್ತು. ಗಾಳಿಯ ನಕ್ಷೆಯಲ್ಲಿ ಆ ಗರಿ ಗರಿ ಗುರುತುಗಳನ್ನು, ಕಪ್ಪು ತ್ರಿಕೋನ ಒಂದಕ್ಕೆ 50 ನಾಟ್, ಉದ್ದ ಗೆರೆಗೆ 10, ಗಿಡ್ಡ ಗೆರೆಗೆ 5, ಹೀಗೆ ಎಣಿಸಿ ಓದುವುದು ರೂಢಿಯಾದ ಮೇಲೆ, ಮಹಾವೃತ್ತದ ಗೆರೆ ನನಗೆ ಒಂದು ಆರಂಭದ ಗೆರೆಯಾಗಿ ಮಾತ್ರ ಕಾಣತೊಡಗಿತು.

ಇದಕ್ಕೆ ಸಾಟಿಯಿಲ್ಲದ ನಿದರ್ಶನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ಹಾರಾಟ. ಏರ್ ಇಂಡಿಯಾ ಮೊದಲು ಯುರೋಪ್, ಅಟ್ಲಾಂಟಿಕ್ ಮೇಲಿಂದ ಸುಮಾರು 13,900 ಕಿಲೋಮೀಟರ್ ಹಾರುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ದಿಕ್ಕನ್ನೇ ತಿರುಗಿಸಿ ಪೆಸಿಫಿಕ್ ಮೇಲಿಂದ ಹೋಯಿತು. ದೂರ 15,300 ಕಿಲೋಮೀಟರ್, 1,400 ಹೆಚ್ಚು. ಸಮಯ ಹದಿನಾಲ್ಕೂವರೆ ಗಂಟೆ, ಮೊದಲಿಗಿಂತ ಕಡಿಮೆ! ಪಶ್ಚಿಮಕ್ಕೆ ಹೋದರೆ ದಾರಿಯುದ್ದಕ್ಕೂ ಎದುರುಗಾಳಿ, ಪೂರ್ವಕ್ಕೆ ಹೋದರೆ ಬೆನ್ನ ಗಾಳಿ. ಹೆಚ್ಚು ದೂರ ಹೋಗಿ ಬೇಗ ತಲುಪುವುದು ಎಂಬುದು ಮಾತಿನ ಚಮತ್ಕಾರವಲ್ಲ, ಲೆಕ್ಕಕ್ಕೆ ಸಿಗುವ ಸಂಗತಿ.

ಗಾಳಿಯಲ್ಲದೆ ದಾರಿಯನ್ನು ಬಾಗಿಸುವ ಬೇರೆ ಒತ್ತಾಯಗಳೂ ಇವೆ. ಎರಡು ಎಂಜಿನ್‌ನ ವಿಮಾನ ಒಂದು ಎಂಜಿನ್ ನಿಂತರೂ ಇಂತಿಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ತಲುಪುವಂತಿರಬೇಕು. ಹಿಂದೆ ಅದು 60 ನಿಮಿಷವಿತ್ತು, 1980ರ ದಶಕದಲ್ಲಿ 120, ಆಮೇಲೆ 180 ಆಯಿತು, ಈಗ ಕೆಲವು ವಿಮಾನಗಳಿಗೆ ಇನ್ನೂ ಹೆಚ್ಚು. ಪೆಸಿಫಿಕ್ ನಡುವಿನ ಮಿಡ್‌ವೇ ದ್ವೀಪದ ಪುಟ್ಟ ರನ್‌ವೇ ಅಥವಾ ಅಲಾಸ್ಕಾದ ಕೋಲ್ಡ್ ಬೇ ಅಂಥ ಹೊತ್ತಿನ ಆಸರೆಗಳು. ಇನ್ನು ದೇಶಗಳು ತಮ್ಮ ಆಕಾಶ ಮುಚ್ಚಿದರೆ ಲೆಕ್ಕವೆಲ್ಲ ತಲೆಕೆಳಗು. ಹೆಲ್ಸಿಂಕಿಯಿಂದ ಟೋಕಿಯೊಗೆ ಅತಿ ಚಿಕ್ಕ ದಾರಿ ಸುಮಾರು 7,850 ಕಿಲೋಮೀಟರ್, ಅದರ ಬಹುಪಾಲು ರಷ್ಯಾದ ಮೇಲೆ. 2022ರಲ್ಲಿ ಆ ಆಕಾಶ ಮುಚ್ಚಿದ ಮೇಲೆ ಒಂಬತ್ತೂವರೆ ಗಂಟೆಯ ಹಾರಾಟ ಹದಿಮೂರು ಗಂಟೆಯಾಯಿತು. ಉತ್ತರ ಧ್ರುವದ ಮೇಲಿಂದಲೂ ಹಾರಿದರು. ಎರಡು ನಗರಗಳು ಇದ್ದಲ್ಲೇ ಇವೆ, ಅಂತರ ಮಾತ್ರ ರಾತ್ರಿ ಬೆಳಗಾಗುವುದರಲ್ಲಿ ಬೆಳೆಯಿತು.

ಟಿಕೆಟ್‌ನಲ್ಲಿ ಬರೆದ ಹತ್ತು ಗಂಟೆಗೂ ನಾನು ಲೆಕ್ಕ ಹಾಕಿದ ಎಂಟು ಗಂಟೆ 48 ನಿಮಿಷಕ್ಕೂ ಹೊಂದುವುದಿಲ್ಲವಲ್ಲ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಟಿಕೆಟ್‌ನ ಸಮಯ ಹಾರುವ ಸಮಯವಲ್ಲ. ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ: ಗೇಟಿನಲ್ಲಿ ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆ ತೆಗೆದ ಕ್ಷಣದಿಂದ, ಇನ್ನೊಂದು ಊರಿನ ಗೇಟಿನಲ್ಲಿ ಮತ್ತೆ ಅಡ್ಡಗಟ್ಟೆ ಕೊಡುವವರೆಗೆ. ವಿಮಾನವನ್ನು ಹಿಂದಕ್ಕೆ ತಳ್ಳುವುದು, ರನ್‌ವೇವರೆಗೆ ನಿಧಾನವಾಗಿ ಸಾಗುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಗೇಟು ಖಾಲಿಯಾಗಲೆಂದು ನಿಲ್ಲುವುದು, ಎಲ್ಲ ಅದರಲ್ಲಿದೆ. ಮೇಲೇರುವ ಮೊದಲ ಇಪ್ಪತ್ತು ನಿಮಿಷ, ಇಳಿಯುವ ಕೊನೆಯ ಅರ್ಧ ಗಂಟೆ 900ರ ವೇಗವಿರುವುದಿಲ್ಲ. ಅಮೆರಿಕದಲ್ಲಿ 10,000 ಅಡಿಯ ಕೆಳಗೆ 250 ನಾಟ್ ಮೀರಬಾರದೆಂಬ ನಿಯಮವೇ ಇದೆ. ಇದರ ಮೇಲೆ ವಿಮಾನ ಸಂಸ್ಥೆಗಳು ಕೆಲವು ನಿಮಿಷಗಳನ್ನು ಸುಮ್ಮನೆ ಸೇರಿಸಿಕೊಳ್ಳುತ್ತವೆ. ಗಾಳಿ ದಿನಕ್ಕೊಂದು ಬಗೆ, ವೇಳಾಪಟ್ಟಿ ಮಾತ್ರ ಇಡೀ ಋತುವಿಗೆ ಒಂದೇ. ಹತ್ತರಲ್ಲಿ ಎಂಟು ದಿನವಾದರೂ ಹೊತ್ತಿಗೆ ಸರಿಯಾಗಿ ಮುಟ್ಟಬೇಕೆಂದರೆ ಆ ಸಡಿಲ ಬೇಕೇ ಬೇಕು. ಪ್ರಯಾಣಿಕರಿಗೆ ಮೋಸ ಎಂದು ಕೆಲವರು ಇದನ್ನು ದೂರುತ್ತಾರೆ. ನಾನು ಒಪ್ಪುವುದಿಲ್ಲ. ಮುಂದಿನ ವಿಮಾನ ಹಿಡಿಯಬೇಕಾದವರಿಗೆ ನಂಬಬಹುದಾದ ಹತ್ತು ಗಂಟೆ, ನಂಬಲಾಗದ ಒಂಬತ್ತು ಗಂಟೆಗಿಂತ ಎಷ್ಟೋ ಮೇಲು.

ಯಾವುದೇ ಎರಡು ನಗರಗಳಿಗೆ ನೀವೇ ಅಂದಾಜು ಮಾಡಬೇಕೆಂದರೆ ನನ್ನದೊಂದು ಕೈಲೆಕ್ಕ ಇದೆ. ಮಹಾವೃತ್ತದ ದೂರವನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. 8,800ಕ್ಕೆ 10 ಗಂಟೆ 50 ನಿಮಿಷ ಬರುತ್ತದೆ. ನಿಮ್ಮ ಹತ್ತು, ಹನ್ನೆರಡರ ಸರಾಸರಿಗೆ ಹತ್ತಿರ. ಸಿಂಗಪುರ–ನ್ಯೂಯಾರ್ಕ್ ನಡುವಿನ 15,300 ಕಿಲೋಮೀಟರಿಗೆ ಹದಿನೆಂಟೂವರೆ ಗಂಟೆ ಬರುತ್ತದೆ. ಜಗತ್ತಿನ ಅತಿ ಉದ್ದದ ಆ ಹಾರಾಟದ ವೇಳೆಯೂ ಅದರ ಆಸುಪಾಸಿನಲ್ಲೇ ಇದೆ. 500 ಕಿಲೋಮೀಟರಿಗೆ ಒಂದು ಗಂಟೆ ಐದು ನಿಮಿಷ; ಇದರಲ್ಲಿ ಅರ್ಧಕ್ಕರ್ಧ ನೆಲದ ಮೇಲೆ, ಏರುವುದರಲ್ಲಿ, ಇಳಿಯುವುದರಲ್ಲೇ ಹೋಗುತ್ತದೆ. ಗಿಜಿಗುಡುವ ನಿಲ್ದಾಣಗಳಾದರೆ ಇನ್ನೊಂದು ಕಾಲು ಗಂಟೆ ಕೂಡಿಸಿ. ಆಮೇಲೆ ದಿಕ್ಕು ನೋಡಿ. ಎರಡೂ ನಗರಗಳು ಸಮಭಾಜಕದಿಂದ ದೂರವಿದ್ದು, ದಾರಿ ಪೂರ್ವ–ಪಶ್ಚಿಮವಾಗಿದ್ದರೆ, ಪೂರ್ವಕ್ಕೆ ಹೋಗುವಾಗ ನೂರಕ್ಕೆ ಎಂಟರಿಂದ ಹತ್ತು ಕಳೆಯಿರಿ, ಪಶ್ಚಿಮಕ್ಕೆ ಹೋಗುವಾಗ ಅಷ್ಟೇ ಕೂಡಿಸಿ. ಉತ್ತರ–ದಕ್ಷಿಣದ ದಾರಿಗೆ ಈ ತಿದ್ದುಪಡಿ ಬೇಕಿಲ್ಲ.

ಕೊನೆಗೆ, ಸಂಜೆ ಐದಕ್ಕೆ ಹೊರಟು ಬೆಳಗ್ಗೆ ಹತ್ತಕ್ಕೆ ತಲುಪುವ ವಿಚಾರ. ಜನವರಿಯಲ್ಲಿ ಟೋಕಿಯೊ ಗಡಿಯಾರ ಲಾಸ್ ಏಂಜಲೀಸ್‌ಗಿಂತ 17 ಗಂಟೆ ಮುಂದಿರುತ್ತದೆ. ಅಮೆರಿಕದವರು ಬೇಸಿಗೆಗೆ ಗಡಿಯಾರ ಮುಂದಿಟ್ಟಾಗ 16 ಆಗುತ್ತದೆ. ಸೋಮವಾರ ಸಂಜೆ ಐದಕ್ಕೆ ಹತ್ತು ಗಂಟೆ ಸೇರಿಸಿದರೆ ಟೋಕಿಯೊದಲ್ಲಿ ಮಂಗಳವಾರ ಬೆಳಗಿನ ಜಾವ ಮೂರು. ಅದರಲ್ಲಿ 17 ಕಳೆದರೆ ಲಾಸ್ ಏಂಜಲೀಸ್‌ನಲ್ಲಿ ಸೋಮವಾರ ಬೆಳಗ್ಗೆ ಹತ್ತು. ಪೆಸಿಫಿಕ್ ನಡುವೆ ದಿನಾಂಕ ರೇಖೆ ದಾಟಿದಾಗ ನಿಮಗೊಂದು ಸೋಮವಾರ ಎರಡನೆಯ ಸಲ ಸಿಗುತ್ತದೆ. ಬರುವಾಗ ಅದನ್ನು ಹಿಂದಿರುಗಿಸಬೇಕು. ಭಾನುವಾರ ಬೆಳಗ್ಗೆ ಹನ್ನೊಂದೂವರೆಗೆ ಹೊರಟರೆ ಹನ್ನೆರಡು ಗಂಟೆಯ ಹಾರಾಟದ ನಂತರ ಟೋಕಿಯೊದಲ್ಲಿ ಸೋಮವಾರ ಸಂಜೆ ನಾಲ್ಕೂವರೆ. ಮರಳುವ ಟಿಕೆಟ್‌ನಲ್ಲಿ ತಲುಪುವ ವೇಳೆಯ ಪಕ್ಕದಲ್ಲಿ ಪುಟ್ಟದಾಗಿ ‘+1’ ಎಂದಿರುತ್ತದೆ, ಅದನ್ನು ನೋಡಿಕೊಳ್ಳಿ. ನಿಲ್ದಾಣಕ್ಕೆ ಕರೆದೊಯ್ಯಲು ಬರುವವರಿಗೆ, ಹೋಟೆಲಿನವರಿಗೆ ಹೇಳುವಾಗ ಹೊರಡುವ ದಿನಾಂಕವನ್ನಲ್ಲ, ತಲುಪುವ ದಿನಾಂಕವನ್ನು ಹೇಳಿ. ಟೋಕಿಯೊದಿಂದ ಮುಂದಕ್ಕೆ ಇನ್ನೊಂದು ವಿಮಾನ ಹಿಡಿಯುವುದಿದ್ದರೆ ಮೂರು ಗಂಟೆಯ ಅಂತರವನ್ನಾದರೂ ಇಟ್ಟುಕೊಳ್ಳಿ. ಜನವರಿಯ ಎದುರುಗಾಳಿ ಕೆಲವು ದಿನ ಆ ಹನ್ನೆರಡು ಗಂಟೆಗೂ ಮಣಿಯುವುದಿಲ್ಲ.